ಆಚೆ ದಂಡೆಯ ಹಸಿರು ಸೀರೆ

ನಮ್ಮ ಮನೆಯಲ್ಲಿ ಹರಿಗೋಲಿಗೆ ಉಡಿ ತುಂಬದೆ ನೀರಿಗೆ ಇಳಿಸುವ ಪದ್ಧತಿ ಇರಲಿಲ್ಲ. ನಾನು ಸೊಸೆಯಾಗಿ ಬಂದ ವರ್ಷವೇ ಅತ್ತೆ ಅದನ್ನು ಕಲಿಸಿದರು. ಬೇಸಿಗೆಯಲ್ಲಿ ಕೃಷ್ಣೆ ಸೊರಗಿ ಬಂಡೆಗಳ ನಡುವೆ ಹರಿಯುವಾಗ ಗಂಡಸರು ಹರಿಗೋಲನ್ನು ದಂಡೆಗೆ ಎಳೆದು, ಹಳೆಯ ತೊಗಲು ಬಿಚ್ಚಿ, ಬಿದಿರಿನ ಹಂದರ ಬಿಗಿ ಮಾಡಿ, ಹೊಸ ತೊಗಲು ಹೊದಿಸಿ ಹೊಲಿಯುತ್ತಿದ್ದರು. ಮುಂಗಾರು ಹಿಡಿಯುವ ಮಿರಗದ ಮಳೆಗೆ ಮೊದಲು ಅದು ಸಿದ್ಧವಾಗಬೇಕು. ನೀರಿಗೆ ಇಳಿಸುವ ಬೆಳಿಗ್ಗೆ ಮನೆಯ ಹೆಂಗಸು ಅದರೊಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ ಇಟ್ಟು, ಅಂಚಿನ ಬಿದಿರಿಗೆ ಹಸಿರು ಕುಬುಸದ ಖಣ ಕಟ್ಟಬೇಕು. ಬಸುರಿ ಮಗಳಿಗೆ ಮಾಡಿದ ಹಾಗೆಯೇ.

"ಹರಗೋಲು ಅಂದ್ರ ನಮ್ಮನಿ ಮಗಳಿದ್ದಂಗ," ಎನ್ನುತ್ತಿದ್ದರು ಅತ್ತೆ. "ಬರೀ ಉಡಿಲೆ ಹೊಳಿಗೆ ಕಳಸಬಾರದು."

ಅವರೇ ಕಲಿಸಿದ ಇನ್ನೊಂದು ರೂಢಿ, ಸಂಜೆ ದೀಪ ಹಚ್ಚುವಾಗ ಆ ದಿನ ಆದ ಒಳ್ಳೆಯದನ್ನು ದೇವರ ಮುಂದೆ ಹೇಳುವುದು. ಬೇಡುವುದಲ್ಲ, ಹೇಳುವುದು. ಇವತ್ತು ಎಮ್ಮೆ ಹಾಲು ಕೊಟ್ಟಿತು. ಇವತ್ತು ಯಾರೂ ಜಗಳಾಡಲಿಲ್ಲ. ಇವತ್ತು ಗಂಡಸರು ಹೊಳೆಯಿಂದ ತಿರುಗಿ ಬಂದರು. ಅಂಬಿಗರ ಮನೆಯಲ್ಲಿ ಕೊನೆಯದು ಬಹಳ ದೊಡ್ಡದು. ಅತ್ತೆ ತೀರಿಕೊಂಡ ಮೇಲೂ ನಾನು ಬಿಡಲಿಲ್ಲ. ನನಗೆ ಓದು ಬಂದದ್ದು ತಡವಾಗಿ, ಗುಡಿಯಲ್ಲಿ ಪುರಾಣ ಓದುವ ಆಸೆಗೆ; ಬರೆಯುವುದು ಅದಕ್ಕೂ ತಡವಾಗಿ. ಆದ್ದರಿಂದ ನಡೆದದ್ದನ್ನು ಸಿಂಗಾರ ಮಾಡದೆ ಹೇಳುತ್ತೇನೆ.

ನಮ್ಮ ಊರು ಸುರಪುರದ ದಕ್ಷಿಣಕ್ಕೆ, ಹೊಳೆಯ ದಂಡೆಯಲ್ಲೇ ಇದೆ. ನಾನು ಹೇಳುವುದು ನಿಜಾಮರ ಆಳ್ವಿಕೆ ಮುಗಿದು ಹೊಸ ಸರಕಾರ ಬಂದ ಹೊಸದರ ಮಾತು. ಆಳ್ವಿಕೆ ಬದಲಾಗುವಾಗಿನ ಗಲಾಟೆಯ ದಿನಗಳ ಭಯ ಹೋಯಿತು, ಹೆಂಗಸರು ನೀರಿಗೆ ಒಬ್ಬೊಬ್ಬರೇ ಹೋಗುವಂತಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸರಕಾರದ ಬಗ್ಗೆ ಕೆಟ್ಟದ್ದನ್ನೇ ಬರೆದಳು ಎನ್ನಬಾರದು. ಚಾವಡಿಯ ಮುಂದೆ ಕಂಬ ನೆಟ್ಟು ಬಾವುಟ ಏರಿಸಿದಾಗ ನಮ್ಮ ಮಾವ ಹೊಸ ರುಮಾಲು ಸುತ್ತಿಕೊಂಡು ಹೋಗಿ ಮುಂದೆಯೇ ನಿಂತಿದ್ದರು. ಇನ್ನು ಕಚೇರಿಯಲ್ಲಿ ನಮ್ಮ ಕನ್ನಡ ಮಾತೇ ನಡೆಯುತ್ತದೆ, ಮಕ್ಕಳಿಗೆ ಸಾಲಿ ಬರುತ್ತದೆ, ಚಾವಡಿಯಲ್ಲಿ ಮೇಲು ಕೀಳು ಇರುವುದಿಲ್ಲ, ಬೆಳೆದವರಿಂದ ಜೋಳ ಅಳೆದುಕೊಳ್ಳುವ ಲೆವಿ ತೆಗೆದುಹಾಕುತ್ತೇವೆ ಎಂದೆಲ್ಲ ಬಾವುಟ ಏರಿಸಿದವರು ಹೇಳಿದರು. ಲೆವಿ ಮಾತ್ರ ಮೊದಲಿಗಿಂತ ಚುರುಕಾಗಿ ನಡೆಯಿತು. ಅಳೆಯುವವರ ಟೊಪ್ಪಿಗೆ ಬದಲಾಗಿತ್ತು, ಅಳತೆ ಬದಲಾಗಿರಲಿಲ್ಲ. ಬಟ್ಟೆಗೆ ಕಂಟ್ರೋಲು. ಒಂದು ಖಣ ಬೇಕಾದರೆ ಸುರಪುರದ ಅಂಗಡಿಯ ಮುಂದೆ ಬಿಸಿಲಿನಲ್ಲಿ ನಿಲ್ಲಬೇಕು. ಆದರೂ ಮಾವ, "ಕೂಸು ಹುಟ್ಟಿ ಇನ್ನ ಕಣ್ಣು ಬಿಟ್ಟಿಲ್ಲ. ಇಷ್ಟ್ ಲಗೂನ ನಡಿ ಅಂದ್ರ ಹ್ಯಾಂಗ?" ಎನ್ನುತ್ತಿದ್ದರು. ನಾನೂ ಹೌದು ಎಂದುಕೊಳ್ಳುತ್ತಿದ್ದೆ.

ಆ ವರ್ಷ ನಮ್ಮ ಹಿರಿ ಮಗಳು ಬಸುರಿ. ಅವಳನ್ನು ಕೊಟ್ಟದ್ದು ಹೊಳೆಯ ಆಚೆ ದಂಡೆಯ ಊರಿಗೆ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಬಡವರಿರಲಿ ಬಲ್ಲಿದರಿರಲಿ, ನಮ್ಮ ಕಡೆ ಇದಕ್ಕೆ ಎರಡು ಮಾತಿಲ್ಲ. ಅದು ಬರೀ ಪದ್ಧತಿ ಅಲ್ಲ. ಹೆರುವ ಹುಡುಗಿಗೆ ಒಮ್ಮೆಯಾದರೂ ಅವ್ವನ ಕೈ ಹಿಡಿದು ಜೋರಾಗಿ ಅಳುವ ಹಕ್ಕು ಇರಬೇಕು ಎಂದು ಹಿಂದಿನವರು ಮಾಡಿಟ್ಟ ಏರ್ಪಾಡು. ಅತ್ತೆಯ ಮನೆಯಲ್ಲಿ ಹಲ್ಲು ಕಚ್ಚಿಕೊಂಡು ಹೆರಬೇಕು. ನಾನು ಹಳೆಯ ಸೀರೆಗಳನ್ನು ಒಗೆದು ಮೆತ್ತಗೆ ಮಾಡಿ ಇಟ್ಟೆ. ಕೌದಿ ಹೊಲಿದೆ. ಬಾಣಂತಿಯ ಉಂಡೆಗೆ ಅಂಟು, ಒಣ ಶುಂಠಿ, ಬೆಲ್ಲ ಕೂಡಿಸಿಟ್ಟೆ. ಸುರಪುರದಲ್ಲಿ ನಿಂತು ನಿಂತು ಒಂದು ಹಸಿರು ಖಣ ತಂದು ಪೆಟ್ಟಿಗೆಯಲ್ಲಿ ಮುಚ್ಚಿಟ್ಟೆ. ಅವಳು ಮನೆಗೆ ಬಂದ ದಿನ ಉಡಿ ತುಂಬುವುದಕ್ಕೆ.

ನಮ್ಮ ಓಣಿಯ ಸೂಲಗಿತ್ತಿ ಪಿಂಜಾರರ ಮನೆಯ ಹಿರಿಯಾಕೆ. ಎಲ್ಲರೂ ಆಪಾ ಎನ್ನುತ್ತಿದ್ದೆವು. ಗಲಾಟೆಯ ದಿನಗಳಲ್ಲಿ ಮುಸಲ್ಮಾನರ ಮನೆಗಳ ಮೇಲೆ ಮಂದಿ ಬಿದ್ದಾಗ ಅವಳ ಮನೆಯ ಬಾಗಿಲಿಗೆ ಮಾವ ನಮ್ಮ ಹರಿಗೋಲನ್ನೇ ಅಡ್ಡ ನಿಲ್ಲಿಸಿ, ಅದಕ್ಕೆ ಬೆನ್ನು ಕೊಟ್ಟು ಕೂತಿದ್ದರು. ಆ ಮಾತನ್ನು ಇಬ್ಬರೂ ಮತ್ತೆ ಎತ್ತಿದ್ದಿಲ್ಲ. ಆಪಾ ಮಾತ್ರ ಮಾವನಿಗೆ ಎಲೆ ಅಡಿಕೆ ಕೊಡದೆ ನಮ್ಮ ಮನೆಯಿಂದ ಎಂದೂ ಎದ್ದು ಹೋಗಲಿಲ್ಲ.

ಆ ಬೇಸಿಗೆಯಲ್ಲಿ ದಂಡೆಗೆ ಜೀಪು ಬಂತು. ಸಾಹೇಬರು ಹೈದರಾಬಾದಿನ ಕಡೆಯವರು. ಅವರು ಹೇಳಿದ್ದನ್ನು ನಮ್ಮ ಊರ ಗೌಡರು ನಮ್ಮ ಮಾತಿನಲ್ಲಿ ತಿಳಿಸಿ ಹೇಳುತ್ತಿದ್ದರು. ಹೊಳೆ ಸಣ್ಣದಿದ್ದ ಕಾಲ; ಆಚೆ ಊರಿನವರೂ ಬಂಡೆಯ ಮೇಲೆ ಕಾಲಿಟ್ಟು ನಡೆದು ಬಂದಿದ್ದರು. ನಮ್ಮ ಬೀಗರು, ಅಂದರೆ ಮಗಳ ಮಾವ, ಅವರೂ ಇದ್ದರು.

"ಈ ತೊಗಲ ಹರಗೋಲು ರಾಜರ ಕಾಲದ್ದು, ಇನ್ನ ಬ್ಯಾಡ ಅಂತಾರ ಸಾಹೇಬ್ರು," ಎಂದರು ಗೌಡರು. "ಮಳಿಗಾಲದೊಳಗ ಸರಕಾರದ ಇಂಜಿನ್ ದೋಣಿ ಬರ್ತದ. ಅದರ ಬೆನ್ನಿಗೇ ಹೊಳಿ ಮ್ಯಾಲ ಪೂಲು ಕಟ್ತಾರ. ಅಂಬಿಗರನ್ನ ದೋಣಿ ಮ್ಯಾಲ ನೌಕರಿಗೆ ತಗೋತಾರ. ಯಾರೂ ಹೊಳ್ಯಾಗ ಸಾಯೂದು ಬ್ಯಾಡ ಅಂತ."

ಕೊನೆಯ ಮಾತಿಗೆ ಮಾವ ರುಮಾಲು ತೆಗೆದು ಕಣ್ಣು ಒರೆಸಿಕೊಂಡರು. ಅವರ ಬೆನ್ನಿಗೆ ಹುಟ್ಟಿದ ತಮ್ಮ ಹೊಳೆಯಲ್ಲೇ ಹೋಗಿದ್ದ, ಹೆಣವೂ ಸಿಕ್ಕಿರಲಿಲ್ಲ. ಸಾಹೇಬರು ಬಂಡೆಗಳ ಮೇಲೆ ಸುಣ್ಣದಿಂದ ಗುರುತು ಹಾಕಿಸಿದರು. ಹೆಂಗಸರು ನಾವು ಆ ಗುರುತಿಗೆ ಕುಂಕುಮ ಹಚ್ಚಿದೆವು. ಹಚ್ಚಿದ್ದು ತಪ್ಪು ಎಂದು ಈಗಲೂ ಅನ್ನಿಸುವುದಿಲ್ಲ. ಒಳ್ಳೆಯ ಮಾತು ಕೇಳಿದಾಗ ಕೈ ತಾನಾಗಿ ಕುಂಕುಮಕ್ಕೆ ಹೋಗುತ್ತದೆ.

ನಾನು ಬೀಗರಿಗೆ ಅಲ್ಲೇ ಕೇಳಿದೆ. "ಹೊಳಿ ಸಣ್ಣದ ಐತಿ. ಈಗೇ ಕಳಸಿಬಿಡ್ರಿ ನಮ್ಮ ಹುಡುಗಿನ್ನ."

"ಕುಬುಸ ಮಾಡದ ಹ್ಯಾಂಗ ಕಳಸೂದ್ರಿ ಬೀಗ್ತೇರ? ಮಂದಿ ನಗ್ತಾರ. ಒಂಬತ್ತರಾಗ ಕುಬುಸ ಮಾಡಿ ಕಳಸ್ತೀವಿ. ಇಂಜಿನ್ ದೋಣಿ ಮ್ಯಾಲ ಕುಂಡ್ರಿಸಿ, ರಾಣಿ ಕಳಿಸಿದಂಗ!"

ಎಲ್ಲರೂ ನಕ್ಕರು. ಮಾತು ಹೀಗಾಯಿತು: ಕುಬುಸ, ಅಂದರೆ ಸೀಮಂತ, ಮುಗಿದು ಹುಡುಗಿ ಹೊರಡುವುದಕ್ಕೆ ಸಿದ್ಧವಾದ ದಿನ ಅವರು ಆಚೆ ದಂಡೆಯ ಜಾಲಿ ಮರಕ್ಕೆ ನಾವು ಮಗಳಿಗೆ ಕೊಟ್ಟ ಹಸಿರು ಸೀರೆ ಹಾಕಬೇಕು. ಹೊಳೆಯ ಸದ್ದಿನಲ್ಲಿ ಕೂಗು ಕೇಳಿಸುವುದಿಲ್ಲ, ಬಟ್ಟೆ ಕಾಣುತ್ತದೆ. ದೋಣಿ ಕರೆಯುವುದಕ್ಕೆ ಆ ಮರಕ್ಕೆ ಬಟ್ಟೆ ಹಾಕುವುದು ಹಿಂದಿನಿಂದ ಬಂದದ್ದು.

ಎರಡು ದಿನ ಬಿಟ್ಟು ಸಮಗಾರ ಕಾಕಾ ಬಂದ. ವರ್ಷವೂ ನಮಗೆ ತೊಗಲು ಹದ ಮಾಡಿ ಕೊಡುವವನು ಅವನೇ.

"ಏನಪಾ ಅಂಬಿಗಾ, ತೊಗಲು ನೆನಿ ಹಾಕ್ಲೇನು?"

"ಬ್ಯಾಡೋ ಮಾರಾಯ," ಎಂದರು ಮಾವ. "ಇನ್ನ ನಿನ್ನ ಎಮ್ಮಿ ತೊಗಲಿಗೂ ಸ್ವಾತಂತ್ರ್ಯ ಬಂತು."

"ಎಮ್ಮಿ ಸತ್ತ ಮ್ಯಾಲ ಸ್ವಾತಂತ್ರ್ಯ ತಗೊಂಡು ಏನ್ ಮಾಡ್ತದ?" ಎಂದ ಕಾಕಾ. ನಗುತ್ತಲೇ ಹೋದ. ಹದ ಮಾಡಿಟ್ಟ ತೊಗಲನ್ನು ಶಹಾಪುರದ ವ್ಯಾಪಾರಿಗೆ ಹಾಕಿಬಿಟ್ಟ. ಅವನಿಗೂ ಹೊಟ್ಟೆ ಇದೆ. ಹಳೆಯ ತೊಗಲನ್ನು ಗಂಡಸರು ಬಿಚ್ಚಿ ಚಪ್ಪಲಿಗೆ, ಬಾರುಕೋಲಿಗೆ ಕೊಯ್ದು ಹಂಚಿದರು. ಹರಿಗೋಲಿನ ಹಂದರ ಬರಿಮೈಯಲ್ಲಿ ಅಂಗಳದಲ್ಲಿ ಬಿದ್ದಿತ್ತು. ಕೋಳಿಗಳು ಅದರೊಳಗೆ ಮರಿ ಮಾಡಿದವು. ನಮ್ಮ ಮನೆಯವರು ಒಮ್ಮೆ ಅದನ್ನು ನೋಡುತ್ತಾ ನಿಂತು, "ಉಣ್ಣಾಕ ಕರದು ಎಲಿ ಹಾಕಲಾರದಂಗ ಕಾಣ್ತದ ಇದು," ಎಂದರು. ಮಾವ ಕೇಳಿಸಿಕೊಳ್ಳದ ಹಾಗೆ ಮಾಡಿದರು.

ಮಿರಗ ಹನಿ ಹಾಕಿ ಹೋಯಿತು. ಅದರ ಮುಂದಿನ ಆರಿದ್ರ ಮಳೆಗೆ ಹೊಳೆ ಕೆಂಪಾಯಿತು. ಬಂಡೆಗಳು ಮುಳುಗಿದವು, ಸುಣ್ಣದ ಗುರುತೂ ಕುಂಕುಮವೂ ಅವುಗಳ ಜೊತೆಯೇ ಮುಳುಗಿದವು. ಇಂಜಿನ್ ದೋಣಿ ಬರಲಿಲ್ಲ. ಕೆಳಗಿನ ಊರುಗಳ ಅಂಬಿಗರಿಗೂ ಇದೇ ಮಾತು ಹೇಳಿದ್ದರಂತೆ, ಅವರೂ ತೊಗಲು ಹೊದಿಸಿರಲಿಲ್ಲ. ದೂರದ ಕಡವಿನಲ್ಲಿ ಮರದ ದೋಣಿ ಇತ್ತು ನಿಜ. ಆದರೆ ಆ ಎರೆ ಮಣ್ಣಿನ ಹಾದಿಯಲ್ಲಿ ಗಾಡಿಯ ಗಾಲಿ ಅಚ್ಚಿನವರೆಗೆ ಹೂತುಹೋಗುವ ಕಾಲಕ್ಕೆ ತುಂಬಿದ ಬಸುರಿಯನ್ನು ಯಾರು ತಂದಾರು?

ಒಂದು ಬೆಳಿಗ್ಗೆ ನೀರಿಗೆ ಹೋದಾಗ ಆಚೆ ದಂಡೆಯಲ್ಲಿ ಹಸಿರು ಕಾಣಿಸಿತು. ಮಳೆ ತೊಳೆದ ಜಾಲಿ ಮರದ ಮೇಲೆ ನಮ್ಮ ಸೀರೆ. ಕುಬುಸ ಆಗಿದೆ, ಹುಡುಗಿ ಸಿದ್ಧವಾಗಿದ್ದಾಳೆ, ಬರ್ರಿ ಎಂದು ಅದರ ಅರ್ಥ. ನಾನು ಕೊಡ ಇಳಿಸಿ ಕೈ ಬೀಸಿದೆ. ಯಾರಿಗೆ ಬೀಸಿದೆನೋ. ಅಲ್ಲಿ ಯಾರೂ ಕಾಣುತ್ತಿರಲಿಲ್ಲ.

ಆ ದಿನವೇ ಮಾವ ಬುತ್ತಿ ಕಟ್ಟಿಸಿಕೊಂಡು ಸುರಪುರಕ್ಕೆ ನಡೆದರು. ದೇವಾಪುರದ ಹಾದಿಯ ಕೆಸರಿನಲ್ಲಿ ಒಂದು ಚಪ್ಪಲಿ ಬಿಟ್ಟು ಹೋದರಂತೆ. ಸುರಪುರದಲ್ಲಿ, ಆ ಸಾಹೇಬರು ಬದಲಿಯಾಗಿದ್ದಾರೆ, ಶಹಾಪುರದಲ್ಲಿ ಕೇಳು ಎಂದರು. ಶಹಾಪುರದಲ್ಲಿ, ದೋಣಿ ನಮ್ಮ ಕೈಯಲ್ಲಿಲ್ಲ, ಯಾದಗಿರಿಗೆ ಹೋಗು, ರೈಲಿನಲ್ಲಿ ಬರುವುದು ಅಲ್ಲಿಗೇ ಎಂದರು. ಇನ್ನು ಕಚೇರಿಯಲ್ಲಿ ನಿಮ್ಮ ಮಾತೇ ಎಂದಿದ್ದರಲ್ಲ. ಮಾವ ಮಾತಾಡುವುದು ಒಳಗಿದ್ದವರಿಗೆ ತಿಳಿಯದೆ, ಹೊರಗಿನ ಜವಾನ ತಿಳಿಸಿ ಹೇಳಬೇಕಾಯಿತಂತೆ. ಅವರು ಊರಿಗೆ ಬರುವವರೆಗೆ ನಾನು ದಿನವೂ ದಂಡೆಗೆ ಹೋಗಿ ಸೀರೆ ನೋಡಿ ಬರುತ್ತಿದ್ದೆ. ಮಳೆಗೆ, ಬಿಸಿಲಿಗೆ ಅದರ ಹಸಿರು ಇಳಿಯುತ್ತಾ ಬಂತು. ಅಷ್ಟು ದೂರದಿಂದ ಬಣ್ಣ ಇಳಿದದ್ದು ಹೇಗೆ ಕಂಡಿತು ಎಂದು ಕೇಳಬೇಡಿ. ತಾಯಿಗೆ ಕಾಣುತ್ತದೆ.

ಮಾವ ಬಂದವರು ಕಟ್ಟೆಯ ಮೇಲೆ ಕೂತರು. ಕಾಲಿಗೆ ನೀರು ಕೊಟ್ಟೆ. ತೊಳೆದುಕೊಳ್ಳಲಿಲ್ಲ.

"ದೋಣಿ ಬಂದದ ಬೇ," ಎಂದರು.

"ಬಂತಾ! ಎಲ್ಲಿ?"

"ಯಾದಗಿರಿ ಟೇಶನ್ನಿನ ಹಿಂದ. ಬೋರಲು ಬಿದ್ದದ. ಇಂಜಿನ್ ಇಲ್ಲ. ಯಾರ್ದು ಅಂತ ಯಾರಿಗೂ ಗೊತ್ತಿಲ್ಲ. ಅದರ ಕೆಳಗ ಆಡು ಮರಿ ಹಾಕ್ಯದ."

ಆಪಾ ಅಲ್ಲೇ ಕೂತು ಅಡಿಕೆ ಕತ್ತರಿಸುತ್ತಿದ್ದಳು. ಕತ್ತರಿ ನಿಲ್ಲಿಸಿ, "ಚಲೋ ಆತು ಬಿಡಪಾ," ಎಂದಳು. "ಆಡಿನ ಬಾಣಂತನ ಸರಕಾರ ಮಾಡ್ತು. ನಮ್ಮ ಹುಡುಗಿದು ನಾವ ಮಾಡ್ಕೋಬೇಕು."

ಮಾವ ನಕ್ಕರು. ನಗುತ್ತಾ ನಗುತ್ತಾ ಮುಖ ಮುಚ್ಚಿಕೊಂಡರು. ನಾನು ಒಳಗೆ ಹೋದೆ. ಹಿರಿಯರು ಅಳುವುದನ್ನು ಸೊಸೆ ನೋಡಬಾರದು.

ಮರುದಿನ ಗೌಡರ ಹೊಲಕ್ಕೆ ಸೊಪ್ಪಿಗೆ ಹೋದಾಗ ಬಾವಿಯ ಮೇಲೆ ಕಣ್ಣು ಬಿತ್ತು. ಎತ್ತುಗಳಿಂದ ನೀರು ಎಳೆಯುವ ಕಪಿಲೆ ಬಾವಿ. ಮಳೆಗಾಲವಾದ್ದರಿಂದ ಕಪಿಲೆ ನಿಂತಿತ್ತು, ನೀರು ಎತ್ತುವ ತೊಗಲಿನ ಬಾನಿ ಗುಡಿಸಲಿನ ತೊಲೆಗೆ ಜೋತುಬಿದ್ದಿತ್ತು. ದೊಡ್ಡ ಚೀಲದಂಥ ಬಾನಿ, ಎಣ್ಣೆ ಕುಡಿದು ಮೆತ್ತಗಿತ್ತು. ನೀರು ಒಳಗೆ ಹಿಡಿಯುವ ತೊಗಲು ನೀರನ್ನು ಹೊರಗೂ ಹಿಡಿದೀತಲ್ಲ ಎನ್ನಿಸಿತು. ಸೊಪ್ಪು ಅಲ್ಲೇ ಬಿಟ್ಟು ಸಮಗಾರ ಕಾಕಾನ ಮನೆಗೆ ಹೋದೆ.

ಅವನು ಬೆರಳಲ್ಲಿ ಲೆಕ್ಕ ಹಾಕಿದ. "ಒಂದು ಬಾನಿ ಒಂದು ಮೂಲಿಗೆ ಸಾಲ್ತದ. ಊರಾಗಿನ ಬಾನಿ ಅಷ್ಟೂ ಬೇಕು. ಮ್ಯಾಲ, ತುಂಡು ತುಂಡು ಕೂಡಿಸಿ ಹರಗೋಲು ಯಾರೂ ಹೊಲದಿಲ್ಲ ತಂಗಿ. ಕೌದಿ ಹೊಲದಂಗ ಒಂದರ ಮ್ಯಾಲ ಒಂದು ಏರಿಸಿ ಹೊಲೀಬೇಕು. ನೀ ಹೇಳ್ತಿ ಅಂದ್ರ ಕೂಡ್ತೀನಿ. ಬಾನಿ ಯಾರು ಕೊಡ್ತಾರ? ಕೊಯ್ದ ಮ್ಯಾಲ ಅದು ಮತ್ತ ಬಾನಿ ಆಗಂಗಿಲ್ಲ."

ನಾನು ಸೆರಗು ಒಡ್ಡಿಕೊಂಡು ಹೊರಟೆ. ನಮ್ಮಲ್ಲಿ ಹೆಣ್ಣುಮಗಳು ಉಡಿ ಒಡ್ಡಿ ಕೇಳಿದರೆ ಬರಿಗೈಯಲ್ಲಿ ಕಳಿಸುವುದಿಲ್ಲ. ಹಾಗೆಂದೇ ಅದನ್ನು ಯಾರೂ ಸುಮ್ಮನೆ ಒಡ್ಡುವುದೂ ಇಲ್ಲ. ಮೊದಲು ಗೌಡರ ಬಾಗಿಲು.

ಗೌಡರು ಹೊರಗೆ ಬಂದು ನನ್ನ ಸೆರಗು ನೋಡಿ ಕೆಳಗೆ ಮುಖ ಹಾಕಿದರು. "ನಾ ಹೇಳಿದ್ದಲ್ಲವ್ವಾ ಅದು. ಸಾಹೇಬ ಹೇಳಿದ್ದು. ನಾ ಬರೇ ತಿಳಿಸಿ ಹೇಳಿದೆ."

"ಬಾಯಿ ನಿಮ್ಮದೇ ಇತ್ತಲ್ರಿ ಗೌಡ್ರ."

ಅವರು ಆಳನ್ನು ಕರೆದು ಬಾನಿ ಇಳಿಸಿ ಕೊಡಿಸಿದರು. ಗೌಡರೇ ಕೊಟ್ಟ ಮೇಲೆ ಉಳಿದವರ ಬಾಗಿಲು ತೆರೆಯಿತು. ಒಬ್ಬಳು ಮಾತ್ರ ಒಳಗಿನಿಂದ, "ಸರಕಾರದ ದೋಣಿ ಬರೂದಿತ್ತಲ್ಲ, ಅದರ ಮ್ಯಾಲ ಹೋಗಂತ ಹೇಳ್ರಿ," ಎಂದು ಕುಟುಕಿದಳು. ಕುಟುಕಿದರೂ ಬಾನಿ ಕೊಟ್ಟಳು. ಕುಟುಕುವ ಬಾಯಿಗೂ ಕೊಡುವ ಕೈಗೂ ನಮ್ಮ ಊರಲ್ಲಿ ಸಂಬಂಧ ಇಲ್ಲ. ಅದೂ ಒಂದು ಪುಣ್ಯ.

ಮಳೆ ಬಿಡದೆ ಹಿಡಿದಿತ್ತು. ಒಣ ಜಾಗ ಎಂದರೆ ಚಾವಡಿಯೊಂದೇ. ಹಂದರವನ್ನು ಅಲ್ಲಿಗೇ ಹೊತ್ತು ತಂದರು. ಸಮಗಾರ ಕಾಕಾ ಅಂಗಳದಲ್ಲೇ ನಿಂತ. ಅವನು ಚಾವಡಿಯ ಮೇಲೆ ಹತ್ತಿದವನಲ್ಲ, ಅವನ ಅಪ್ಪನೂ ಹತ್ತಿದವನಲ್ಲ. ಗೌಡರು ಆಕಾಶ ನೋಡಿದರು, ತೊಗಲು ನೋಡಿದರು, ಆಮೇಲೆ, "ಬಾರೋ ಮ್ಯಾಲ, ತೊಯ್ದರ ಹೊಲಗಿ ಬಿಡ್ತದ," ಎಂದರು. ಬಾವುಟದ ಕಂಬದ ಕೆಳಗೆ ಕೊಟ್ಟ ಮಾತುಗಳಲ್ಲಿ ಅದೂ ಒಂದಿತ್ತಲ್ಲ, ಚಾವಡಿಯಲ್ಲಿ ಮೇಲು ಕೀಳು ಇಲ್ಲ ಎಂದು. ಆ ಒಂದು ಮಾತನ್ನು ಮಳೆರಾಯ ನಡೆಸಿಕೊಟ್ಟ. ಮಳೆ ನಿಂತ ಮೇಲೆ ಕಾಕಾನನ್ನು ಯಾರೂ ಮತ್ತೆ ಮೇಲೆ ಕರೆಯಲಿಲ್ಲ ಎಂಬುದನ್ನೂ ಬರೆಯಬೇಕು.

ಕಾಕಾ ಆರಿಯಿಂದ ತೂತು ಕೊರೆಯುತ್ತಿದ್ದ. ನಮ್ಮ ಮನೆಯವರು ತೊಗಲ ದಾರ ಎಳೆಯುತ್ತಿದ್ದರು. ನಾನು ಮತ್ತು ಆಪಾ ಹೊಲಿಗೆಗೆ ರಾಳ ಎಣ್ಣೆ ಕಾಯಿಸಿ ಹಚ್ಚುತ್ತಿದ್ದೆವು. ಒಂದು ತುಂಡು ಕಪ್ಪು, ಒಂದು ಕೆಂದು, ಒಂದರ ಮೇಲೆ ಇನ್ನೂ ಬಾವಿಯ ಪಾಚಿ. ಅಂಥ ಹರಿಗೋಲನ್ನು ಕೃಷ್ಣೆ ನೋಡಿರಲಿಕ್ಕಿಲ್ಲ.

ಹೊಲಿಗೆ ಮುಗಿಯುವ ಮೊದಲೇ, ಒಂದು ಬೆಳಿಗ್ಗೆ ದಂಡೆಗೆ ಹೋಗಿ ನೋಡಿದರೆ ಜಾಲಿ ಮರ ಬರಿದಾಗಿತ್ತು.

ನಾನು ಕಣ್ಣು ಒರೆಸಿಕೊಂಡು ಮತ್ತೆ ನೋಡಿದೆ. ಸೀರೆ ಇರಲಿಲ್ಲ. ಸೀರೆ ಹಾಕುವುದಕ್ಕೆ ಅರ್ಥ ಇಟ್ಟಿದ್ದೆವು. ತೆಗೆದರೆ ಏನು ಎಂದು ಮಾತಾಡಿಕೊಂಡಿರಲಿಲ್ಲ. ಗಾಳಿಗೆ ಹೋಯಿತೇ? ನಮ್ಮ ಮೇಲೆ ಬೇಸತ್ತು ಇಳಿಸಿದರೇ? ಇನ್ನೊಂದು ಕಾರಣ ಇತ್ತು; ಅದನ್ನು ಮನಸ್ಸಿನಲ್ಲೂ ಪೂರ್ತಿ ನುಡಿಯಲು ಬಿಡಲಿಲ್ಲ. ಆಪಾಳಿಗೆ ಹೇಳಿದೆ. ಅವಳು ರಾಳದ ಗಡಿಗೆಯ ಕೆಳಗೆ ಉರಿ ಹೆಚ್ಚು ಮಾಡಿದಳು. ಆ ಸಂಜೆ ದೀಪದ ಮುಂದೆ ನಿಂತಾಗ ಹೇಳುವುದಕ್ಕೆ ಏನೂ ಸಿಗಲಿಲ್ಲ. "ಊರವರು ಬಾನಿ ಕೊಟ್ಟರು," ಎಂದೆ. ಅದು ಹಿಂದಿನ ದಿನವೇ ಹೇಳಿ ಮುಗಿದಿತ್ತು. ಮತ್ತೆ ಅದನ್ನೇ ಹೇಳಿದೆ.

ಮರುದಿನ ಹರಿಗೋಲನ್ನು ದಂಡೆಗೆ ತಂದರು. ಅಕ್ಕಿ, ಕೊಬ್ಬರಿ ಇತ್ತು. ಖಣ? ಅಂಗಡಿಗೆ ಹೋಗುವ ಹೊತ್ತಲ್ಲ ಅದು. ಪೆಟ್ಟಿಗೆಯಲ್ಲಿ ಇದ್ದದ್ದು ಒಂದೇ, ಮಗಳದ್ದು. ಎತ್ತಿಕೊಂಡು ಸ್ವಲ್ಪ ಹೊತ್ತು ನಿಂತೆ. ಅವಳಿಗೆ ಅದನ್ನು ಕೊಡುವ ಗಳಿಗೆ ಇನ್ನು ಬರುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಹೊಳೆಗೆ ಇಳಿಯುವ ಈ ಮಗಳನ್ನಾದರೂ ಬರಿ ಉಡಿಯಲ್ಲಿ ಕಳಿಸಬಾರದು ಎಂದು ಹೋಗಿ ಅಂಚಿನ ಬಿದಿರಿಗೆ ಬಿಗಿಯಾಗಿ ಕಟ್ಟಿದೆ. "ಯವ್ವ ಗಂಗವ್ವ, ಇದು ನನ್ನ ಮಗಳ ಖಣ," ಎಂದೆ. "ನಿನಗ ಕೊಟ್ಟೀನಿ. ಲೆಕ್ಕ ನಿನಗ ಗೊತ್ತದ."

ನಮ್ಮ ಮನೆಯವರೂ ಓಣಿಯ ಇನ್ನೊಬ್ಬ ಅಂಬಿಗನೂ ಹತ್ತಿದರು. ಹರಿಗೋಲು ತಿರುಗುತ್ತಾ ತಿರುಗುತ್ತಾ ಕೆಳಗೆ ಹೋಗಿ, ಕೆಂಪು ನೀರಿನಲ್ಲಿ ಒಂದು ಚುಕ್ಕೆಯಾಗಿ, ಕಾಣದಾಯಿತು. ಮಾವ ದಂಡೆಯಲ್ಲಿ ಕೂತು ಮಂಡಿಯ ಮೇಲೆ ಕೈಯಿಟ್ಟುಕೊಂಡು, ತಾವೇ ಹುಟ್ಟು ಹಾಕುತ್ತಿರುವ ಹಾಗೆ ಮೈ ವಾಲಿಸುತ್ತಿದ್ದರು. ನಾನು ನಿಂತೇ ಇದ್ದೆ. ಮಧ್ಯಾಹ್ನ ದಾಟಿ ಬಿಸಿಲು ಒಮ್ಮೆ ಹಣಿಕಿ ಹೋದ ಹೊತ್ತಿಗೆ ಆಚೆ ದಂಡೆಯಲ್ಲಿ ಮೇಲಕ್ಕೆ ಹೊತ್ತೊಯ್ದು ಇಳಿಸಿದ ಹರಿಗೋಲು ಮೇಲಿನ ತಿರುವಿನಲ್ಲಿ ಮತ್ತೆ ಕಂಡಿತು. ಅದರಲ್ಲಿ ಇಬ್ಬರೇ ಇದ್ದರು.

ನಮ್ಮ ಮನೆಯವರು ಇನ್ನೂ ನೀರಿನಲ್ಲಿದ್ದಾಗಲೇ ಕೂಗಿದರು. "ಅದಾಳ! ಅದಾಳ ಬೇ! ಹಡದಾಳ! ಹೆಣ್ಣು!"

ನಾನು ಅಲ್ಲೇ ಕೆಸರಿನಲ್ಲಿ ಕೂತೆ.

"ಮತ್ತ ಸೀರಿ?" ಎಂದು ಕೇಳಿದವಳು ಆಪಾ. "ಸೀರಿ ಯಾಕ ಇಳಿಸಿದ್ರಪಾ, ಎದಿ ಒಡಸಾಕ?"

"ಹರದು ಕೂಸಿಗಿ ಸುತ್ಯಾರ. ಮಳ್ಯಾಗ ಮನ್ಯಾಗಿನ ಅರಬಿ ಎಲ್ಲಾ ತೊಯ್ದಿದ್ವಂತ. ಇದೊಂದು ನೆನಪಾಗಿ ಇಳಿಸ್ಕೊಂಡು ಹೋಗಿ, ಒಲಿ ಮ್ಯಾಲ ಹಿಡದು ಒಣಗಸಿ ಸುತ್ಯಾರ."

ಆಮೇಲೆ ಅವರು ಮೆಲ್ಲಗೆ ಉಳಿದದ್ದನ್ನು ಹೇಳಿದರು. ಹೆರಿಗೆ ಸಲೀಸಾಗಿ ಆಗಿರಲಿಲ್ಲ. ಆ ಊರಿನಲ್ಲಿ ಸೂಲಗಿತ್ತಿ ಇರಲಿಲ್ಲ, ಪಕ್ಕದ ಊರಿನಿಂದ ಬರುವ ಹೊತ್ತಿಗೆ ಹುಡುಗಿಯ ದನಿ ಇಂಗಿಹೋಗಿತ್ತು. ಅವ್ವನ್ನ ಕರೀರಿ ಎಂದು ಕೇಳಿದಳಂತೆ. ಮಗಳು ಈಗ ಜ್ವರದಲ್ಲಿ ಮಲಗಿದ್ದಾಳೆ, ಅಲುಗಾಡಿಸುವಂತಿಲ್ಲ.

ಆಪಾ ಎದ್ದು ಸೀರೆ ಕೊಡವಿದಳು. "ಆಕಿ ಬರಂಗಿಲ್ಲ ಅಂದ್ರ ನಾವ ಹೋಗೂದು. ಅಂಟಿನುಂಡಿ ಕಟ್ಟು."

ಮಗಳ ಬಾಣಂತನಕ್ಕೆ ತಾಯಿ ಬೀಗರ ಮನೆಗೆ ಹೋಗಿ ಕೂರುವುದು ನಮ್ಮಲ್ಲಿಲ್ಲ. ನಾಚಿಕೆ. ಆದರೂ ಹೋದೆ. ಸೊಂಟಕ್ಕೆ ಗಂಟು, ಒಂದು ಕೈಯಲ್ಲಿ ಆಪಾಳ ಕೈ, ಇನ್ನೊಂದರಲ್ಲಿ ಅಂಚಿನ ಆ ಖಣ ಬಿಗಿಹಿಡಿದುಕೊಂಡು. ತೊಗಲಿನ ಕೂಡುಗಳಲ್ಲಿ ನೀರು ಜಿನುಗುತ್ತಿತ್ತು. ತಂಬಿಗೆಯಿಂದ ಹೊರಗೆ ಚೆಲ್ಲುತ್ತಾ, ಆಪಾ ಅವಳ ದೇವರ ಹೆಸರನ್ನೂ ನಾನು ನನ್ನ ದೇವರ ಹೆಸರನ್ನೂ ಹೇಳುತ್ತಾ ದಾಟಿದೆವು.

ಬೀಗಿತಿ ಹೊಸ್ತಿಲಲ್ಲೇ ನಿಂತಿದ್ದರು. "ಬರ್ರಿ ಬೀಗ್ತೇರ. ಇಂಜಿನ್ ದೋಣಿ ಮ್ಯಾಲ ಬಂದ್ರೇನು?"

"ಇಂಜಿನ್ ಇಲ್ಲರಿ. ದೋಣಿ ಮಾತ್ರ ಯಾದಗಿರ್ಯಾಗ ಆಡು ಕಾಯಾಕತ್ತದ," ಎಂದೆ. ಅವರಿಗೆ ನಗು ಬಂತು. ಹೊಸ್ತಿಲು ಬಿಟ್ಟು ಸರಿದರು. ಅವರ ಕಣ್ಣುಗಳೂ ನಿದ್ದೆ ಇಲ್ಲದೆ ಕೆಂಪಾಗಿದ್ದವು. ನನ್ನ ಮಗಳನ್ನು ಉಳಿಸುವುದಕ್ಕೆ ಅವರೂ ತಮ್ಮ ಕೈಲಾದದ್ದು ಮಾಡಿದ್ದರು. ಅದನ್ನು ನಾನು ಮರೆಯಬಾರದು.

ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಪಕ್ಕದಲ್ಲಿ ಬಣ್ಣ ಇಳಿದ ಹಸಿರು ಅರಿವೆಯ ಸಣ್ಣ ಗಂಟು. ಅದರೊಳಗಿನಿಂದ ಒಂದು ಮುಷ್ಟಿ ಹೊರಗೆ ಬಂದಿತ್ತು. ನಾನು ಅವಳ ತಲೆಯ ಹತ್ತಿರ ಕೂತೆ. ಹಣೆಯ ಮೇಲೆ ಕೈಯಿಟ್ಟೆ. ಅವಳು ತಿರುಗಲಿಲ್ಲ.

"ಸೀರಿ ಕಾಣಸ್ತಿತ್ತೇನ ಯವ್ವ, ಅಲ್ಲಿಗೆ?"

"ಕಾಣಸ್ತಿತ್ತು."

"ದಿನಾ?"

"ದಿನಾ."

ಅವಳು ನನ್ನ ಕೈಯನ್ನು ಹಣೆಯಿಂದ ಎಳೆದುಕೊಂಡು ಗಲ್ಲದ ಕೆಳಗೆ ಇಟ್ಟುಕೊಂಡು ಅತ್ತಳು. ಅತ್ತೆಯ ಮನೆ ಎನ್ನುವುದನ್ನೂ ಮರೆತು ಜೋರಾಗಿ ಅತ್ತಳು. ಬೀಗಿತಿ ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿದರು. ಜ್ವರ ಇಳಿಯುವವರೆಗೆ ನಾವಿಬ್ಬರೂ ಅಲ್ಲೇ ಇದ್ದೆವು. ಹೊಳೆ ಇಳಿದ ಮೇಲೆ ಮಗಳನ್ನೂ ಕೂಸನ್ನೂ ಅದೇ ತೇಪೆಯ ಹರಿಗೋಲಿನಲ್ಲಿ ಮನೆಗೆ ತಂದೆವು. ಮುಂದೆ ಅವಳು ಇನ್ನೂ ಹೆತ್ತಳು. ಆದರೆ ಮೊದಲ ಬಾಣಂತನ ಒಂದೇ ಸಲ ಬರುವುದು. ತಡವಾಗಿ ಕೊಟ್ಟರೂ ನಡೆಯುವಂಥ ವಸ್ತುಗಳು ಬಹಳ ಇವೆ. ಕಂಟ್ರೋಲಿನ ಸಕ್ಕರೆ ತಡವಾಗಿ ಕೊಡಬಹುದು, ಸಾಲಿ ತಡವಾಗಿ ಕಟ್ಟಬಹುದು. ಮಾತು ಕೊಡುವವರಿಗೆ ಎಲ್ಲವೂ ಸಕ್ಕರೆಯ ಹಾಗೆಯೇ ಕಾಣುತ್ತದೆಯೋ ಏನೋ.

ಮುಂದಿನ ಬೇಸಿಗೆಯಲ್ಲಿ ಮತ್ತೆ ಜೀಪು ಬಂತು. ಬೇರೆ ಸಾಹೇಬರು, ಬೇರೆ ಸುಣ್ಣ. ಮಳೆಗಾಲದೊಳಗೆ ಎಂದರು. ಗೌಡರು ಈ ಸಲ ತಿಳಿಸಿ ಹೇಳುವಾಗ ಪ್ರತಿ ಮಾತಿಗೂ "ಅಂತಾರ" ಎಂದು ಸೇರಿಸುತ್ತಿದ್ದರು. ಮಾವ ಕೈಮುಗಿದು ಪೂರ್ತಿ ಕೇಳಿದರು. ಸಾಹೇಬರಿಗೆ ಕುಡಿಯಲು ನೀರು ಕೊಟ್ಟರು, ಬಿಸಿಲಿಗೆ ದೂರದಿಂದ ಬಂದವರು. ಆಮೇಲೆ ಗುಂಪಿನ ಅಂಚಿನಲ್ಲಿ ನಿಂತಿದ್ದ ಸಮಗಾರ ಕಾಕಾನನ್ನು ಎಲ್ಲರ ತಲೆಯ ಮೇಲಿಂದ ಕೂಗಿ ಹೇಳಿದರು:

"ಏ, ತೊಗಲು ನೆನಿ ಹಾಕೋ."

ಸುಳ್ಳು ಹೇಳಬಾರದು, ಸೇತುವೆ ಬಂತು. ಮಾವ ಹೋಗಿ, ಆಪಾ ಹೋಗಿ, ಹಸಿರು ಅರಿವೆಯಲ್ಲಿ ಸುತ್ತಿದ ಆ ಕೂಸಿನ ಮದುವೆಯೂ ಆದ ಮೇಲೆ ಬಂತು. ಅವಳ ಮೊದಲ ಹೆರಿಗೆಗೆ ನಾನು ಬಸ್ಸಿನಲ್ಲಿ ಕೂತು ಹೊಳೆ ದಾಟಿದೆ. ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಆಚೆ ದಂಡೆ ಬಂದಿತ್ತು. ಆ ಸಂಜೆ ಅಲ್ಲಿಯ ದೀಪದ ಮುಂದೆ ಅದನ್ನೂ ಹೇಳಿದೆ.

ಈಗಲೂ ಬಸ್ಸು ಸೇತುವೆ ಹತ್ತಿದ ಕೂಡಲೇ ನನ್ನ ಕಣ್ಣು ಆಚೆ ದಂಡೆಗೆ ಹೋಗುತ್ತದೆ. ಜಾಲಿ ಮರ ಇಲ್ಲ. ರಸ್ತೆ ಮಾಡುವಾಗ ಕಡಿದರು. ಗೊತ್ತಿದ್ದೂ ನೋಡುತ್ತೇನೆ, ಯಾರಾದರೂ ಏನಾದರೂ ಹಾಕಿದ್ದಾರೇನೋ ಎಂದು.